ಗುಂಗುರು ಕೂದಲಿನ ಚರಿತ್ರೆ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಹತ್ತಿರಬಹುದು. ಹತ್ತದವರು ಮಹಾಮಸ್ತಕಾಭಿಷೇಕದ ದೃಶ್ಯಗಳನ್ನು ಪರದೆಯ ಮೇಲಾದರೂ ನೋಡಿರುತ್ತೀರಿ. ಹತ್ತನೆಯ ಶತಮಾನದ ಕೊನೆಯಲ್ಲಿ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ, ಸುಮಾರು 58 ಅಡಿ ಎತ್ತರದ ಆ ಮೂರ್ತಿಯ ಮುಗುಳ್ನಗೆಯನ್ನು ಎಲ್ಲರೂ ಹೊಗಳುತ್ತಾರೆ. ಮುಂದಿನ ಸಲ ಹೋದಾಗ ಇನ್ನೂ ಸ್ವಲ್ಪ ಮೇಲಕ್ಕೆ, ಹಣೆಯ ಮೇಲೆ, ಕಣ್ಣು ಹಾಯಿಸಿ. ತಲೆಯ ತುಂಬ ಚಿಕ್ಕ ಚಿಕ್ಕ ಸುರುಳಿಗಳು. ಕನ್ನಡನಾಡಿನ ಅತ್ಯಂತ ಸುಂದರ ಪುರುಷನ ಕೂದಲು ಗುಂಗುರು!

ಇದೊಂದು ಆಕಸ್ಮಿಕವೆಂದು ನೀವು ಹೇಳಬಹುದು. ಹಾಗಿದ್ದರೆ ಬಾದಾಮಿಗೆ ಹೋಗೋಣ. ಚಾಲುಕ್ಯ ಮಂಗಲೇಶ ಕ್ರಿ.ಶ. 578ರಲ್ಲಿ ಕೊರೆಸಿ ಮುಗಿಸಿದ ಮೂರನೆಯ ಗುಹೆಯ ಕಂಬಗಳ ಮೇಲೆ ನಿಂತ ದಂಪತಿಗಳನ್ನು ನೋಡಿ. ಹೆಗಲವರೆಗೆ ಇಳಿಬಿದ್ದ ಸುರುಳಿಗೂದಲು ಅಲ್ಲಿಯೂ ಇದೆ. ಶಿಲ್ಪಿಗೆ ನೇರವಾದ ಗೆರೆ ಕೆತ್ತುವುದು ಸುಲಭ, ಸುರುಳಿ ಕೆತ್ತುವುದು ಕಷ್ಟ. ಆದರೂ ಅವನು ಕಷ್ಟವನ್ನೇ ಆರಿಸಿಕೊಂಡ. ಅಂದರೆ ಅದು ಅವನ ಕಾಲದ ಕಣ್ಣಿಗೆ ಚೆಲುವಾಗಿ ಕಂಡಿತ್ತು ಎಂದೇ ಅರ್ಥ.

ನಮ್ಮ ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಹಳಗನ್ನಡದಲ್ಲಿ ಕೂದಲಿಗೆ ಕುರುಳ್ ಎಂಬ ಮಾತಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟನ್ನು ತೆರೆದು ನೋಡಿ. ಸುರುಳಿಯಾದ ಕೂದಲು ಎಂಬ ಅರ್ಥ ಸಿಗುತ್ತದೆ. ಹಣೆಯ ಮೇಲೆ ಹಾರಾಡುವುದು ಮುಂಗುರುಳು. ಆ ಪದದ ಒಳಗೇ ಸುರುಳಿ ಕುಳಿತಿದೆ, ‘ನೇರ ಮುಂಗುರುಳು’ ಎಂದರೆ ಮಾತು ಸೇರುವುದೇ ಇಲ್ಲ. ಇನ್ನೊಂದು ಸ್ವಾರಸ್ಯ: ಕಲ್ಯಾಣದ ಚಾಲುಕ್ಯರು ತಮ್ಮನ್ನು ಕುಂತಳದ ಒಡೆಯರೆಂದು ಕರೆಸಿಕೊಂಡರು. ಕುಂತಳವೆಂಬುದು ಕನ್ನಡನಾಡಿನ ಒಂದು ದೊಡ್ಡ ಭಾಗದ ಹಳೆಯ ಹೆಸರು. ಸಂಸ್ಕೃತದಲ್ಲಿ ಅದೇ ಪದಕ್ಕೆ ಕೂದಲಿನ ಎಳೆ ಎಂಬ ಅರ್ಥವೂ ಇದೆ. ನಾಡಿಗೂ ಕೂದಲಿಗೂ ಸಂಬಂಧ ಹಚ್ಚಿ ಕವಿಗಳು ಶ್ಲೇಷೆ ಮಾಡಲು ಇಷ್ಟು ಸಾಕು. ಇತಿಹಾಸಕಾರರು ಮಾತ್ರ ಅಷ್ಟು ಬೇಗ ಒಪ್ಪಬಾರದು.

ಹಾಗಾದರೆ ಇದೇ ನಾಡಿನ ರಾಜಧಾನಿಯಲ್ಲಿ, ಜಯನಗರದ ಒಂದು ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ, ಹದಿನೆಂಟು ವರ್ಷದ ಹುಡುಗಿಯೊಬ್ಬಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಐದು ಗಂಟೆ ಕುಳಿತು ಆ ಕುರುಳನ್ನು ಕಳೆದುಕೊಂಡದ್ದೇಕೆ? ಆ ಹುಡುಗಿ ನನ್ನ ಅಕ್ಕನ ಮಗಳು. ಅವಳ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಕುರ್ಚಿ ಜಯನಗರಕ್ಕೆ ಬಂದ ದಾರಿಯನ್ನು ನೋಡೋಣ. ಅದು ತುಂಬ ದೂರದಿಂದ ಬಂದದ್ದು.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಕಪ್ಪು ಜನರ ಚರ್ಮವನ್ನೂ ಕೂದಲನ್ನೂ ಕೀಳೆಂದು ಕಾಣುವ ದೃಷ್ಟಿ ಕೊನೆಗೊಳ್ಳಲಿಲ್ಲ. ಕೆಲಸ ಸಿಗಬೇಕಾದರೆ, ಮರ್ಯಾದಸ್ಥರೆನಿಸಿಕೊಳ್ಳಬೇಕಾದರೆ ಬಿಳಿಯರಂತೆ ಕಾಣಬೇಕೆಂಬ ಒತ್ತಾಯ ಅವರ ಮೇಲಿತ್ತು. ಕಾಯಿಸಿದ ಕಬ್ಬಿಣದ ಬಾಚಣಿಗೆಯಿಂದ ಕೂದಲನ್ನು ಎಳೆದು ನೇರ ಮಾಡುವುದು ರೂಢಿಗೆ ಬಂತು. ಗುಲಾಮರ ಕುಟುಂಬದಲ್ಲಿ 1867ರಲ್ಲಿ ಹುಟ್ಟಿ, ಬಟ್ಟೆ ಒಗೆದು ಬದುಕುತ್ತಿದ್ದ ಸಾರಾ ಬ್ರೀಡ್‌ಲವ್ ಎಂಬ ಹೆಂಗಸು ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ಕೇಶತೈಲಗಳನ್ನು ಮಾರಿ ದೊಡ್ಡ ಉದ್ಯಮ ಕಟ್ಟಿದಳು. ಸಾವಿರಾರು ಕಪ್ಪು ಹೆಂಗಸರಿಗೆ ಉದ್ಯೋಗ ಕೊಟ್ಟಳು. ಬಿಸಿ ಬಾಚಣಿಗೆಯನ್ನು ಹಬ್ಬಿಸಿದವರಲ್ಲಿ ಅವಳೂ ಒಬ್ಬಳು. ಅವಳನ್ನು ಹೊಗಳಬೇಕೋ ತೆಗಳಬೇಕೋ ಎಂದು ಅಲ್ಲಿನ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನನ್ನ ಮಟ್ಟಿಗೆ, ಆ ಕಾಲದಲ್ಲಿ ಅಗಸಗಿತ್ತಿಯೊಬ್ಬಳು ತನ್ನ ಕಾಲಮೇಲೆ ನಿಂತದ್ದೇ ದೊಡ್ಡದು.

ರಾಸಾಯನಿಕ ಬಂದದ್ದು ಇನ್ನೊಬ್ಬನಿಂದ. ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಮನುಷ್ಯ ಕ್ಲೀವ್‌ಲ್ಯಾಂಡಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಸೂಜಿ ಬಿಸಿಯಾಗದಿರಲೆಂದು ಒಂದು ದ್ರಾವಣ ತಯಾರಿಸುತ್ತಿದ್ದಾಗ, ಕೈ ಒರೆಸಿಕೊಂಡ ಬಟ್ಟೆಯ ಎಳೆಗಳು ನೆಟ್ಟಗಾದುದನ್ನು ಕಂಡ; ಪಕ್ಕದ ಮನೆಯ ನಾಯಿಯ ಮೇಲೆ ಪ್ರಯೋಗಿಸಿದ; ಆಮೇಲೆ ತನ್ನ ತಲೆಯ ಮೇಲೆ — ಹೀಗೆಂದು ಕಥೆ ಹೇಳುತ್ತಾರೆ. 1913ರಲ್ಲಿ ಅದನ್ನು ಮಾರಲು ಕಂಪನಿಯನ್ನೇ ತೆರೆದ. ಮೂರು ಸಂಕೇತಗಳ ಟ್ರಾಫಿಕ್ ಸಿಗ್ನಲ್ಲಿಗೆ 1923ರಲ್ಲಿ ಪೇಟೆಂಟ್ ಪಡೆದವನೂ ಇವನೇ. ಬನಶಂಕರಿಯ ವೃತ್ತದಲ್ಲಿ ಕೆಂಪು ದೀಪಕ್ಕೆ ಸಿಕ್ಕಿಕೊಂಡಾಗ ಒಮ್ಮೆ ನೆನೆಸಿಕೊಳ್ಳಿ.

ಮುಂದೆ ಬಂದ ಲೇಪಗಳಲ್ಲಿ ಕಾಸ್ಟಿಕ್ ಸೋಡ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಮುಖ್ಯ ವಸ್ತು. ನಿಮ್ಮ ಪ್ರಯೋಗಶಾಲೆಯಲ್ಲಿ ‘ಚರ್ಮಕ್ಕೆ ತಾಗಿಸಬೇಡಿ’ ಎಂದು ಎಚ್ಚರಿಸುವ ಅದೇ ಪ್ರತ್ಯಾಮ್ಲ. ಮಾಲ್ಕಂ ಎಕ್ಸ್ 1965ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ, ಹರೆಯದಲ್ಲಿ ಅಂಥ ಲೇಪವನ್ನು ಹಚ್ಚಿಸಿಕೊಂಡು ತಲೆಗೆ ಬೆಂಕಿ ಬಿದ್ದಂತಾದುದನ್ನೂ, ಆಮೇಲೆ ಕನ್ನಡಿ ನೋಡಿ ಹಿಗ್ಗಿದುದನ್ನೂ, ಬಹಳ ವರ್ಷದ ನಂತರ ಆ ಹಿಗ್ಗಿಗಾಗಿಯೇ ನಾಚಿಕೊಂಡುದನ್ನೂ ಬರೆದಿದ್ದಾನೆ. ಆ ದಶಕದಲ್ಲೇ ಕಪ್ಪು ಜನರ ಹಕ್ಕಿನ ಹೋರಾಟದೊಂದಿಗೆ ಕೂದಲನ್ನು ಹುಟ್ಟಿದಂತೆಯೇ ಬಿಡುವ ಚಳವಳಿ ಆರಂಭವಾಯಿತು. ಏಂಜೆಲಾ ಡೇವಿಸ್ ಅವರ ಗೋಲಾಕಾರದ ದಟ್ಟ ಕೂದಲು ಜಗತ್ತಿಗೆಲ್ಲ ಪರಿಚಯವಾಯಿತು. ಅದು ಬರಿಯ ಫ್ಯಾಷನ್ನಾಗಿರಲಿಲ್ಲ ಎನ್ನುವುದಕ್ಕೆ ಒಂದೇ ಮಾತು ಸಾಕು: ಹುಟ್ಟುಗೂದಲನ್ನು ಇಟ್ಟುಕೊಂಡದ್ದಕ್ಕೆ ಶಾಲೆಯಿಂದಾಗಲಿ ಕೆಲಸದಿಂದಾಗಲಿ ಹೊರಹಾಕಬಾರದೆಂದು ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಿದ್ದು 2019ರಲ್ಲಿ!

ಈಗ ಸ್ವಲ್ಪ ವಿಜ್ಞಾನ. ಇದು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಆ ಪ್ರೋಟೀನಿನ ಉದ್ದ ಸರಪಳಿಗಳನ್ನು ಒಂದಕ್ಕೊಂದು ಬಿಗಿದಿರುವುದು ಗಂಧಕದ ಪರಮಾಣುಗಳ ಸೇತುವೆಗಳು. ಏಣಿಯ ಎರಡು ಗಳುಗಳನ್ನು ಮೆಟ್ಟಿಲುಗಳು ಹಿಡಿದಿರುವಂತೆ. ನೀರು ಸೋಕಿದರೆ, ಇಸ್ತ್ರಿ ಮುಟ್ಟಿದರೆ ಬದಲಾಗುವುದು ಇದಕ್ಕಿಂತ ದುರ್ಬಲವಾದ ಬೇರೆ ಬಂಧಗಳು. ಅವು ಮತ್ತೆ ನೆನೆದಾಗ ಹಳೆಯ ಸ್ಥಿತಿಗೆ ಮರಳುತ್ತವೆ. ಗಂಧಕದ ಸೇತುವೆ ಹಾಗಲ್ಲ. ಅದನ್ನು ರಾಸಾಯನಿಕದಿಂದ ಮುರಿದು, ಕೂದಲನ್ನು ನೆಟ್ಟಗೆ ಎಳೆದು ಹಿಡಿದು, ಮತ್ತೆ ಕಟ್ಟಿದರೆ ಆ ಎಳೆ ಬದುಕಿರುವಷ್ಟು ದಿನ ನೆಟ್ಟಗೇ ಇರುತ್ತದೆ. ಕೂದಲಿನ ಈ ಒಳರಚನೆಯನ್ನು 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ವಿಲಿಯಂ ಆಸ್ಟ್‌ಬರಿ ಕ್ಷಕಿರಣಗಳಿಂದ ಹುಡುಕಲು ಹೊರಟರು. 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಅದರಲ್ಲಿ ಸುರುಳಿಯನ್ನು ಕಂಡರು. ನೇರ ಕೂದಲಿನ ಒಳಗೂ ಅಣುಗಳ ಮಟ್ಟದಲ್ಲಿ ಸುರುಳಿಯೇ ಇದೆ ಎಂಬುದು ತಮಾಷೆಯಲ್ಲವೆ? ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಾತ್ರ ತಿರುಗಬಲ್ಲದು ಎಂದು 1963ರಲ್ಲಿ ತೋರಿಸಿಕೊಟ್ಟ ಜಿ. ಎನ್. ರಾಮಚಂದ್ರನ್ ಅವರು ಓದಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ವಿ. ರಾಮನ್ ಅವರ ಕೈಕೆಳಗೆ.

ಕೂದಲು ಗುಂಗುರಾಗುವುದೂ ನೇರವಾಗುವುದೂ ಚರ್ಮದ ಒಳಗೆ, ಅದು ಹುಟ್ಟುವ ಕೋಶದ ಆಕಾರದಿಂದ. ಪಾರ್ಲರಿನ ಮದ್ದು ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬರುವ ಹೊಸ ಕೂದಲು ಹುಟ್ಟಿದಾಗ ಇದ್ದ ಗುಣವನ್ನೇ ಹೊತ್ತು ಬರುತ್ತದೆ. ಇನ್ನು ಹೊರಗೆ ಬಂದಿರುವ ಕೂದಲೋ, ಅದಕ್ಕೆ ಜೀವವಿಲ್ಲ. ಹಾಳಾದರೆ ಯಾವ ಎಣ್ಣೆಯೂ ಅದನ್ನು ಮೊದಲಿನಂತೆ ಮಾಡಲಾರದು. ಈ ಎರಡು ಸಂಗತಿಗಳನ್ನು ನೆನಪಿಡಿ.

1990ರ ದಶಕದಲ್ಲಿ ಜಪಾನಿನಲ್ಲಿ ಥಯೋಗ್ಲೈಕೊಲೇಟ್ ಎಂಬ ಲವಣವನ್ನೂ ಕಾದ ಇಸ್ತ್ರಿಯನ್ನೂ ಸೇರಿಸಿದ ಹೊಸ ವಿಧಾನ ಬಳಕೆಗೆ ಬಂತು. ಅದೇ ನಮ್ಮೂರಲ್ಲಿ ‘ರೀಬಾಂಡಿಂಗ್’ ಆಯಿತು. ನಮ್ಮಲ್ಲಿ ಅದಕ್ಕೆ ನೆಲ ಹದವಾಗಿತ್ತು. 1991ರ ಆರ್ಥಿಕ ಉದಾರೀಕರಣದಿಂದ ವಿದೇಶಿ ಪ್ರಸಾಧನಗಳು ಅಂಗಡಿಗೆ ಬಂದವು. 1994ರಲ್ಲಿ ಭಾರತಕ್ಕೆ ಎರಡು ವಿಶ್ವಕಿರೀಟಗಳು ಬಂದವು. 1996ರ ನವೆಂಬರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು; ಅದರ ವಿರುದ್ಧ ಬೀದಿಯಲ್ಲಿ ದೊಡ್ಡ ಪ್ರತಿಭಟನೆಯೂ ನಡೆಯಿತು. ಶ್ಯಾಂಪೂ ಜಾಹೀರಾತುಗಳಲ್ಲಿ ಕೂದಲು ರೇಷ್ಮೆಯ ಸೀರೆಯಂತೆ ಜಾರುತ್ತಿತ್ತು. ಅಂಥ ಕೂದಲು ನಮ್ಮ ಬೀದಿಯಲ್ಲಿ ಯಾರಿಗಿತ್ತು? ಹತ್ತರಲ್ಲಿ ಒಬ್ಬರಿಗೂ ಕಾಣೆ.

ಹಾಗೆಂದು ಎಲ್ಲ ತಪ್ಪನ್ನೂ ಪರದೇಶದ ಮೇಲೆ ಹೊರಿಸುವುದು ನ್ಯಾಯವಲ್ಲ. ಹೆಣ್ಣಿನ ಕೂದಲಿನ ಮೇಲೆ ಅಧಿಕಾರ ನಡೆಸುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಬಾಲವಿಧವೆಯ ತಲೆ ಬೋಳಿಸುತ್ತಿದ್ದ ಮನೆಗಳು ಎಷ್ಟಿದ್ದವೆಂದು ನಿಮ್ಮ ಮುತ್ತಜ್ಜಿಯರ ಕಾಲದವರಿಗೆ ಗೊತ್ತಿತ್ತು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿ, ಅಥವಾ ಪ್ರೇಮಾ ಕಾರಂತರು 1983ರಲ್ಲಿ ಮಾಡಿದ ಚಿತ್ರವನ್ನು ನೋಡಿ. ಅಷ್ಟು ಕ್ರೂರವಲ್ಲದ ರೂಪದಲ್ಲಿ ಈಗಲೂ ಅದು ಉಂಟು. ಎಣ್ಣೆ ಬಳಿದು, ಬೈತಲೆ ತೆಗೆದು, ಎರಡು ಜಡೆ ಬಿಗಿದು ರಿಬ್ಬನ್ ಕಟ್ಟಿದರೆ ಒಳ್ಳೆಯ ಹುಡುಗಿ. ಕೂದಲು ಹಾರಿದರೆ ‘ಭೂತದ ಹಾಗೆ ಬಂದಿದ್ದೀಯ, ತಲೆ ಬಾಚಿಕೋ’. ಗುಂಗುರು ಕೂದಲಿನ ಹುಡುಗಿಯರು ಇದನ್ನು ದಿನಾ ಕೇಳಿ ಬೆಳೆಯುತ್ತಾರೆ. ನನ್ನ ಅಕ್ಕನ ಮಗಳೂ ಬನಶಂಕರಿ ಎರಡನೆಯ ಹಂತದ ತಮ್ಮ ಮನೆಯಿಂದ ಶಾಲೆಗೆ ಹೊರಡುವಾಗ ದಿನವೂ ಅಳುತ್ತಿದ್ದಳು. ತರಗತಿಯಲ್ಲಿ ಅವಳಿಗೆ ‘ಮ್ಯಾಗಿ’ ಎಂದು ಅಡ್ಡಹೆಸರಿತ್ತು.

ಪಿ.ಯು.ಸಿ. ಮುಗಿದ ರಜೆಯಲ್ಲಿ, 2014ರಲ್ಲಿ, ಅವಳು ಆ ಕುರ್ಚಿಯಲ್ಲಿ ಕುಳಿತಳು. ದುಡ್ಡು ಕೊಟ್ಟವಳು ನಾನು. ಇತಿಹಾಸ ಪಾಠ ಮಾಡುವ ಚಿಕ್ಕಮ್ಮನಿಗೆ ಅಂದು ಬಾಹುಬಲಿಯ ನೆನಪಾಗಲಿಲ್ಲ. ಕಾಲೇಜಿನ ಮೊದಲ ದಿನ ಅವಳು ತಲೆ ಎತ್ತಿಕೊಂಡು ಹೋದುದನ್ನು ಕಂಡು ನನಗೂ ಸಂತೋಷವಾಗಿತ್ತು, ಅದನ್ನು ಇಲ್ಲವೆನ್ನಲಾರೆ. ಆದರೆ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆಯಲ್ಲ? ಆರು ತಿಂಗಳಿಗೊಮ್ಮೆ ಬೇರಿನ ಹತ್ತಿರ ಮತ್ತೆ ಮದ್ದು. ಆಮೇಲೆ ‘ಕೆರಾಟಿನ್’ ಎಂಬ ಹೊಸ ಹೆಸರಿನ ಉಪಚಾರ. ಅದನ್ನು ಹಚ್ಚಿ ಇಸ್ತ್ರಿ ಎಳೆದಾಗ ಏಳುತ್ತಿದ್ದ ಹೊಗೆಗೆ ಅವಳ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಹಚ್ಚುತ್ತಿದ್ದ ಹುಡುಗಿ ದಿನಕ್ಕೆ ನಾಲ್ಕು ಸಲ ಅದೇ ಹೊಗೆಯನ್ನು ಕುಡಿಯುತ್ತಿದ್ದಳು. ಅವಳ ಬಗ್ಗೆ ನಾವು ಯೋಚಿಸಲೂ ಇಲ್ಲ.

ಆ ಹೊಗೆ ಯಾವುದೆಂದು ನಿಮಗೆ ಹೇಳಲೇಬೇಕು. ಇಂಥ ಅನೇಕ ದ್ರಾವಣಗಳು ಕಾದಾಗ ಫಾರ್ಮಾಲ್ಡಿಹೈಡನ್ನು ಬಿಡುತ್ತವೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸತ್ತ ಕಪ್ಪೆಯನ್ನು ಕೆಡದಂತೆ ಇಡುವ ಫಾರ್ಮಾಲಿನ್ ಇದರದೇ ದ್ರಾವಣ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಡಬ್ಬಿಯ ಮೇಲೆ ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದಿದ್ದರೂ, ಮೆಥಿಲೀನ್ ಗ್ಲೈಕಾಲ್ ಎಂಬ ಹೆಸರಿನಲ್ಲಿ ಅದೇ ವಸ್ತು ಒಳಗಿರಬಹುದು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣವೊಂದನ್ನು 2024ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. 2022ರ ಅಕ್ಟೋಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ ಪ್ರಕಟಿಸಿದ ಅಧ್ಯಯನವೂ ಇದೆ. ಕೂದಲು ನೇರ ಮಾಡುವ ಮದ್ದನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇಕಡಾ 1.64, ಪದೇ ಪದೇ ಬಳಸಿದವರಲ್ಲಿ ಶೇಕಡಾ 4.05. ಎರಡು ಸಂಗತಿಗಳು ಜೊತೆಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ನೂರರಲ್ಲಿ ತೊಂಬತ್ತೈದು ಮಂದಿಗೆ ಏನೂ ಆಗಲಿಲ್ಲ ಎಂಬುದೂ ನಿಜ. ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ದುಡ್ಡು ಕೊಡುವ ಮುನ್ನ ನನಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು.

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಪಾರ್ಲರುಗಳೂ ಮುಚ್ಚಿದವು. ಮಹಾಮಾರಿಯ ಚರಿತ್ರೆಯಲ್ಲಿ ಇದೊಂದು ತೀರ ಸಣ್ಣ ಅಡಿಟಿಪ್ಪಣಿ, ಆದರೆ ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹುಟ್ಟುಗೂದಲನ್ನು ವರ್ಷಗಳ ಮೇಲೆ ಕಂಡದ್ದು ಆಗಲೇ. ನಮ್ಮ ಹುಡುಗಿ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಬೇರಿನ ಸುರುಳಿಯನ್ನು ಬೆರಳಿನಿಂದ ಎಳೆದು ಬಿಡುತ್ತ, “ಚಿಕ್ಕಮ್ಮ, ನನ್ನ ಕೂದಲು ಹೇಗಿತ್ತು ಅನ್ನೋದೇ ನಂಗೆ ಮರೆತುಹೋಗಿದೆ” ಎಂದಳು. ಆ ಮಾತು ನನ್ನನ್ನು ಚುಚ್ಚಿತು.

ಮರಳುವ ದಾರಿ ಎರಡು. ನೇರ ಮಾಡಿಸಿದ ಭಾಗವನ್ನೆಲ್ಲ ಒಂದೇ ಸಲ ಕತ್ತರಿಸಿಬಿಡುವುದು ಒಂದು. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದರೆ ಕೈಮುಗಿಯುವ ನೆಂಟರು, ಹುಡುಗಿ ತಾನಾಗಿ ಕೂದಲು ಕತ್ತರಿಸಿಕೊಂಡರೆ ‘ಏನಾಯಿತು ಪಾಪ’ ಎನ್ನುತ್ತಾರೆ. ಮದುವೆಯ ಮಾತುಕತೆ ನಡೆಯುತ್ತಿದ್ದ ಮನೆಯಲ್ಲಿ ಅದು ಸಾಧ್ಯವಾಗಲಿಲ್ಲ. ಅವಳು ಎರಡನೆಯ ದಾರಿ ಹಿಡಿದಳು: ಬೆಳೆಯಲು ಬಿಡುವುದು, ತಿಂಗಳಿಗಿಷ್ಟು ತುದಿ ಕತ್ತರಿಸುವುದು. ತಿಂಗಳಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ಹೆಗಲಿಗೆ ಬರಲು ಎರಡು ವರ್ಷವಾದರೂ ಬೇಕು, ನೀವೇ ಗುಣಿಸಿ ನೋಡಿ. ಅಷ್ಟು ದಿನ ಮೇಲರ್ಧ ಗುಂಗುರು, ಕೆಳಗರ್ಧ ಪೊರಕೆಕಡ್ಡಿ. ಎರಡೂ ಸೇರುವ ಗಂಟಿನಲ್ಲಿ ಕೂದಲು ಬಹಳ ದುರ್ಬಲ. ಒಣಗಿದ ತಲೆಯನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆದರೆ ಅಲ್ಲೇ ಮುರಿಯುತ್ತದೆ. ಒದ್ದೆಯಿರುವಾಗ ಬೆರಳಿನಿಂದ, ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಮೇಲಕ್ಕೆ ಬಿಡಿಸಿಕೊಳ್ಳಬೇಕು.

ಇನ್ನೊಂದು ತೊಡಕು ನೀರಿನದು. 1948ರಲ್ಲಿ ಆರಂಭವಾದ ಜಯನಗರ ಬೆಳೆಯುತ್ತಿದ್ದಂತೆ, ಭೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿ.ಟಿ.ಎಂ. ಆಗುತ್ತಿದ್ದಂತೆ, ನೀರಿನ ಬೇಡಿಕೆ ಏರಿತು. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಆದರೂ ದಕ್ಷಿಣದ ಅನೇಕ ಮನೆಗಳು ಕೊಳವೆಬಾವಿಯನ್ನು ಬಿಡಲಾಗಲಿಲ್ಲ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದರ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ಬಿಳಿಯ ಜಿಗುಟಾಗಿ ಕೂದಲಿಗೆ ಅಂಟುತ್ತದೆ. ಗುಂಗುರು ಕೂದಲು ಇನ್ನಷ್ಟು ಬಿರುಸಾಗುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆ ಬೇರೆ ಬಗೆಯದು. ಅದು ಸ್ಯಾಪೊನಿನ್ ಎಂಬ ವಸ್ತುವಿನಿಂದ ಬರುವುದರಿಂದ ಗಡಸು ನೀರಿನಲ್ಲೂ ಜಿಗುಟು ಕಟ್ಟುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆಯುವ ಗೊಂಪು ಈಗಿನ ಕಂಡೀಷನರಿನ ಕೆಲಸವನ್ನೇ ಮಾಡುತ್ತದೆ. ಕೊಬ್ಬರಿ ಎಣ್ಣೆಯ ಬಗ್ಗೆ ಮುಂಬಯಿಯ ಸಂಶೋಧಕರು 2003ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ: ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳಿಗಿಂತ ಭಿನ್ನವಾಗಿ, ತೊಳೆಯುವ ಮುನ್ನ ಹಚ್ಚಿದರೆ ಅದು ಕೂದಲಿನ ಪ್ರೋಟೀನು ಸೋರಿಹೋಗುವುದನ್ನು ತಗ್ಗಿಸುತ್ತದೆ. ಅಂದಮಾತ್ರಕ್ಕೆ ಅಜ್ಜಿಯರು ಹೇಳಿದ್ದೆಲ್ಲ ಸರಿಯೆಂದಲ್ಲ. ಸೀಗೆಪುಡಿ ಕಣ್ಣಿಗೆ ಬಿದ್ದ ಉರಿಯನ್ನು ನಾನಿನ್ನೂ ಮರೆತಿಲ್ಲ.

ಬೆಂಗಳೂರಿನ ಮಾತಾಡುತ್ತ ಉತ್ತರ ಕನ್ನಡವನ್ನು ಬಿಡುವಂತಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರು ಆಫ್ರಿಕದವರು. ಹೆಚ್ಚಿನವರನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದರು, ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ನಮ್ಮ ಕಾಡು ಸೇರಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು; 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಅಮೆರಿಕಕ್ಕೆ ಒಯ್ಯಲ್ಪಟ್ಟವರೂ ಇವರೂ ಒಂದೇ ಖಂಡದ ಮಕ್ಕಳು, ಕೂದಲೂ ಹೆಚ್ಚುಕಡಿಮೆ ಅದೇ. ಸಿದ್ದಿ ಹುಡುಗ ಹುಡುಗಿಯರು ಓದಲು, ಆಡಲು ಬೆಂಗಳೂರಿಗೆ ಬಂದಾಗ ಬಸ್ಸಿನಲ್ಲಿ ‘ನೀವು ಯಾವ ದೇಶದವರು’ ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಅಚ್ಚಕನ್ನಡದಲ್ಲಿ ಉತ್ತರ ಕೊಡಬೇಕಾಗುತ್ತದೆ. ನಮ್ಮ ಹುಡುಗಿಯ ‘ಮ್ಯಾಗಿ’ ಇದರ ಮುಂದೆ ಏನೂ ಅಲ್ಲ.

ಅವಳ ಕೂದಲಿನ ಕೊನೆಯ ನೇರ ತುದಿ ಹೋದದ್ದು 2022ರ ದೀಪಾವಳಿಯ ಹಿಂದಿನ ವಾರ. ಮನೆಯ ಹಿತ್ತಿಲಲ್ಲಿ ಕತ್ತರಿ ಹಿಡಿದವಳು ಅವಳ ಅಜ್ಜಿ, ನನ್ನ ತಾಯಿ. ನರಕ ಚತುರ್ದಶಿಯ ಬೆಳಗಿನ ಜಾವ ನೆತ್ತಿಗೆ ಎಣ್ಣೆ ಒತ್ತುತ್ತ, ಸುರುಳಿಗಳಲ್ಲಿ ಬೆರಳು ಸಿಕ್ಕಿಕೊಂಡಾಗ ನಮ್ಮಮ್ಮ ತಟ್ಟನೆ ನಿಲ್ಲಿಸಿ, “ಇದು ನಮ್ಮತ್ತೆ ಕೂದಲು ಕಣೇ” ಎಂದರು. ಆ ಮುತ್ತಜ್ಜಿ ಹದಿನಾರಕ್ಕೇ ವಿಧವೆಯಾದವರು. ಮನೆಯಲ್ಲಿರುವ ಅವರ ಒಂದೇ ಒಂದು ಫೋಟೋದಲ್ಲಿ ತಲೆಯ ಮೇಲೆ ಕೆಂಪು ಸೀರೆಯ ಸೆರಗು. ಕೂದಲು ಹೇಗಿತ್ತೆಂದು ನೋಡಿದ ನೆನಪಿದ್ದವರು ಯಾರೂ ಇಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಅಮ್ಮ ಹೇಳಿದರು: ತಿಂಗಳು ತಿಂಗಳು ಬೋಳಿಸುವ ನಡುವೆ ಅರ್ಧ ಬೆರಳಿನಷ್ಟು ಬೆಳೆಯುತ್ತಿತ್ತಂತೆ. ಅಷ್ಟರಲ್ಲೇ ಸುರುಳಿ ಕಾಣುತ್ತಿತ್ತಂತೆ.